ಬರಿಹೊಟ್ಟೆಯ ಕಾನೂನು

ಡಬ್ಬಿಯ ಮೇಲಿನ ಈ ಹೆಂಗಸಿಗೆ ಇಷ್ಟೊಂದು ಕೂದಲು ಯಾರು ಕೊಟ್ಟರು, ಬೆನ್ನು ದಾಟಿ ಸೊಂಟಕ್ಕೆ ಇಳಿದಿದೆ, ಗಾಳಿಯಿಲ್ಲದೆಯೂ ಹಾರುತ್ತಿದೆ, ಮೇಲೆ ನಗು ಬೇರೆ — ನನ್ನ ಬಾಚಣಿಗೆ ತುಂಬ ಬಂದದ್ದನ್ನು ಈಗಷ್ಟೇ ಉಂಡೆ ಕಟ್ಟಿ ಕಸಕ್ಕೆ ಹಾಕಿ ಬಂದಿದ್ದೇನೆ, ಹಾಳಾಗಿ ಹೋಗಲಿ ಕೂದಲು, ಥೈರಾಯ್ಡ್ ಕೈಕೊಟ್ಟವಳಿಗೆ ಅದೇನು ದೊಡ್ಡ ಸುದ್ದಿಯಲ್ಲ, ಪೂರ್ತಿ ಬೋಳಾದರೆ ರುಮಾಲು ಕಟ್ಟಿಕೊಂಡು ಹಾಡುತ್ತೇನೆ, ನನಗೆ ಬೇಕಾದದ್ದು ಗಂಟಲು, ಆ ಮೇಲಿನ ಸ್ವರ, ಅದೊಂದು ವಾಪಸು ಬಂದರೆ ಸಾಕು — ಕೂದಲಿನವಳದ್ದು ಸೆಲೆನಿಯಮ್, ಪಕ್ಕದ್ದು ಸತು, ಅದರ ಪಕ್ಕ ಮೆಗ್ನೀಸಿಯಂ, ಕೆಳಗಿನ ಸಾಲಿನಲ್ಲಿ ಸಮುದ್ರಪಾಚಿಯ ಅಯೋಡಿನ್, ಬಿ ಹನ್ನೆರಡು, ಕಬ್ಬಿಣ, ಕೂದಲಿಗೆ ಉಗುರಿಗೆ ಅಂತ ಬಯೋಟಿನ್, ಎಷ್ಟು ಬಣ್ಣ, ಎಷ್ಟು ಚಿನ್ನದ ಅಕ್ಷರ, ಜಾತ್ರೆಯ ಮಿಠಾಯಿ ಅಂಗಡಿಯ ಮುಂದೆ ನಿಂತ ಹಾಗಾಗಿದೆ, ಇವತ್ತು ಕೈ ಬಿಗಿ ಮಾಡುವುದಿಲ್ಲ, ಎಲ್ಲವನ್ನೂ ತೆಗೆದುಕೊಂಡೇ ಹೋಗುತ್ತೇನೆ, ಇವುಗಳಲ್ಲಿ ಯಾವುದೋ ಒಂದು ಡಬ್ಬಿಯಲ್ಲಿ ನನ್ನ ಸ್ವರ ಕೂತಿದೆ, ಯಾವುದೆಂದು ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಕೊಳ್ಳುವುದು ತಾನೇ ಬುದ್ಧಿವಂತಿಕೆ. ಬೆಳಕು ಹರಿಯುವ ಮುಂಚೆ ಥೈರಾಯ್ಡಿನ ಗುಳಿಗೆಯನ್ನು ಇವತ್ತೊಂದು ದಿನ ಬರೀ ನೀರಲ್ಲಿ ನುಂಗಿ, ಅತ್ತೆ ಹಿತ್ತಲಲ್ಲಿ ಇದ್ದಾಗ ಬೆಕ್ಕಿನ ಹಾಗೆ ಮೆಟ್ಟಿಲಿಳಿದು ಬಂದು, ಔಷಧಿ ಅಂಗಡಿಯ ಬಾಗಿಲು ತೆಗೆಯುವವರೆಗೆ ದೋಣಿಕಟ್ಟೆಯಲ್ಲಿ ಕಾದು, ಆದರೂ ನನಗಿಂತ ಮುಂಚೆ ಇಬ್ಬರು ಮುದುಕಿಯರು, ಅವರಿಗೆ ನಿದ್ದೆಯೇ ಇಲ್ಲವೋ ಏನೋ. ಇವತ್ತು ಶನಿವಾರ, ಸಂಜೆ ಹಾಡಿನ ಅಭ್ಯಾಸವಿದೆ.

ಸಂಜೆ ಯಾಸ್ನಾ ಹೇಳುತ್ತಾಳೆ. ಆಗಸ್ಟಿನ ದೇವಮಾತೆಯ ಹಬ್ಬಕ್ಕೆ ಹಾಡು ಎತ್ತುವವಳು ನಾನೋ, ಇನೆಸಳೋ ಅಂತ — ಅದೇ ಯಾಸ್ನಾ, ಅಗೋ ಕೌಂಟರಿನ ಆಚೆ ಬಿಳಿ ಕೋಟು ಹಾಕಿಕೊಂಡು ಮೊದಲನೆಯ ಮುದುಕಿಗೆ ಬಿಪಿ ಗುಳಿಗೆ ವಿವರಿಸುತ್ತಿದ್ದಾಳಲ್ಲ, ಹಗಲು ಊರಿಗೆಲ್ಲ ಔಷಧಿ ಕೊಡುತ್ತಾಳೆ, ಸಂಜೆ ನಮ್ಮ ಎಂಟು ಹೆಂಗಸರಿಗೆ ಶ್ರುತಿ ಕೊಡುತ್ತಾಳೆ, ಎರಡರಲ್ಲೂ ಒಂದೇ ಮುಖ, ನಗುವುದಿಲ್ಲ, ತೂಕ ತಪ್ಪುವುದಿಲ್ಲ. ನಮ್ಮ ಕ್ಲಾಪಾದಲ್ಲಿ, ಅಂದರೆ ಈ ಹಾಡುವ ಗುಂಪಿನಲ್ಲಿ, ವಾದ್ಯವಿಲ್ಲ, ತಾಳವಿಲ್ಲ, ಭುಜಕ್ಕೆ ಭುಜ ತಾಗಿಸಿ ಅರ್ಧಚಂದ್ರದ ಹಾಗೆ ನಿಲ್ಲುತ್ತೇವೆ, ಬರಿಗಂಟಲು, ಮೊದಲನೆಯ ದನಿ ಒಂಟಿಯಾಗಿ ಎತ್ತಬೇಕು, ಒಂದು ಸಾಲು ಅವಳು ಒಬ್ಬಳೇ, ಆಮೇಲೆ ಉಳಿದವರು ಕೆಳಗಿನಿಂದ ಬಂದು ಸೇರುತ್ತಾರೆ, ಆ ಒಂದು ಸಾಲು ಇಷ್ಟು ವರ್ಷ ನನ್ನದು, ಆ ಸಾಲಿಗಾಗಿ ನಾನು ಈ ದ್ವೀಪದಲ್ಲಿ ಉಳಿದಿದ್ದೇನೆ ಅಂದರೂ ಸುಳ್ಳಲ್ಲ, ಗಂಡ ಯೆರ್ಕೊ ವರ್ಷದಲ್ಲಿ ಮುಕ್ಕಾಲು ಪಾಲು ಸರಕು ಹಡಗಿನಲ್ಲಿ, ಮನೆಯಲ್ಲಿ ಅವನ ತಾಯಿ, ನಾನು, ಗೋಡೆ ಗಡಿಯಾರ. ಹೋದ ಭಾನುವಾರ ಪೂಜೆ ಮುಗಿದು ಚರ್ಚಿನ ಮೆಟ್ಟಿಲ ಮೇಲೆ ನಿಂತೆವು, ಎತ್ತಿದೆ, ಚೆನ್ನಾಗಿಯೇ ಎತ್ತಿದೆ, ಸಾಲು ಏರುತ್ತದಲ್ಲ, ಅಲ್ಲಿ, ಸರಿಯಾಗಿ ಅಲ್ಲಿ, ಬಾಯಿ ತೆರೆದಿದೆ, ದನಿ ಇಲ್ಲ, ಬರೀ ಗಾಳಿ, ಒಣಗಿದ ಪಂಪಿನಿಂದ ಬರುವ ಹಾಗೆ, ಎದುರಿಗೆ ಐಸ್‌ಕ್ರೀಮ್ ತಿನ್ನುತ್ತಿದ್ದ ಪ್ರವಾಸಿಗರು ನೋಡುತ್ತಿದ್ದಾರೆ, ಬಾಯಿ ತೆರೆದೇ ಇದೆ, ಆಗ ಬಲಗಡೆಯಿಂದ ಇನೆಸ್ ಮೆಲ್ಲಗೆ ಆ ಸ್ವರವನ್ನು ಹಿಡಿದುಕೊಂಡಳು, ಬೀಳುತ್ತಿದ್ದ ತಟ್ಟೆ ಹಿಡಿದ ಹಾಗೆ, ಮೆತ್ತಗೆ, ಮರ್ಯಾದೆಯಿಂದ. ಇನೆಸ್ ಕೆಟ್ಟವಳಲ್ಲ, ಅದೇ ಸಂಕಟ, ಕೆಟ್ಟವಳಾಗಿದ್ದರೆ ಬಾಯಿ ತುಂಬ ಬೈದು ಹಗುರಾಗುತ್ತಿದ್ದೆ. ಹಾಡು ಮುಗಿದ ಮೇಲೆ ಯಾಸ್ನಾ, ಶನಿವಾರ ಮಾತಾಡೋಣ ದಿಂಕಾ ಅಂದಳು, ಅಷ್ಟೇ.

ಆಮೇಲೆ ಈ ವಾರವೆಲ್ಲ ಊರಿಗೆ ಊರೇ ವೈದ್ಯರಾಗಿಬಿಟ್ಟಿತು. ಕ್ಷೌರದಂಗಡಿಯವನ ಹೆಂಡತಿ ದಾರಿಯಲ್ಲಿ ಹಿಡಿದು ನಿಲ್ಲಿಸಿ ಸೆಲೆನಿಯಮ್ ತಗೋಳೇ, ನನ್ನ ತಂಗಿ ಎದ್ದು ಕುಣಿದಾಡ್ತಿದಾಳೆ ಅಂದಳು, ಮೀನು ಮಾರುವವನು ಸಮುದ್ರಪಾಚಿ ಬಿಟ್ಟರೆ ಔಷಧಿಯೇ ಇಲ್ಲ ಅಂತ ಚಾಕು ತಿರುಗಿಸುತ್ತಾ ಪ್ರಮಾಣ ಮಾಡಿದ, ಅಂಚೆಯವಳು ಮೆಗ್ನೀಸಿಯಂ ಅಂದಳು, ಹಡಗುಕಟ್ಟೆಯಲ್ಲಿ ಹಗ್ಗ ಕಟ್ಟುವವನಿಗೂ ಸತುವಿನ ವಿಷಯ ಗೊತ್ತಿದೆ, ಈ ಊರಲ್ಲಿ ಗುಳಿಗೆಯ ಬಗ್ಗೆ ಅಭಿಪ್ರಾಯ ಇಲ್ಲದವರು ಸ್ಮಶಾನದಲ್ಲಿ ಮಾತ್ರ ಸಿಗುತ್ತಾರೆ. ಆಚೆ ದಡದ ಸ್ಪ್ಲಿಟ್ ಪಟ್ಟಣದ ಡಾಕ್ಟರು ಮಾತ್ರ ಏನನ್ನೂ ಹೇಳುವುದಿಲ್ಲ, ರಕ್ತ ತೆಗೆಸುತ್ತಾರೆ, ನೋಡುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ಗುಳಿಗೆಯ ಶಕ್ತಿ ಏರಿಸುತ್ತಾರೆ, ನಿಮ್ಮ ಮೈ ನಿಮ್ಮ ಗ್ರಂಥಿಯನ್ನೇ ಶತ್ರು ಅಂದುಕೊಂಡು ಹೊಡೀತಿದೆ, ಇದಕ್ಕೆ ಹಾಶಿಮೊಟೊ ಅಂತಾರೆ ಅಂದಿದ್ದರು ಮೊದಲ ಸಲ, ಜಪಾನಿನವನ ಹೆಸರು, ನನಗೂ ಜಪಾನಿಗೂ ಏನು ಸಂಬಂಧ ಅಂತ ದೋಣಿಯಲ್ಲಿ ವಾಪಸು ಬರುವಾಗ ನಕ್ಕಿದ್ದೆ, ಆಗಿನ್ನೂ ನಗು ಇತ್ತು. ಈಚೆಗೆ ಗುಳಿಗೆ ಏರಿದಷ್ಟೂ ನಾನು ಇಳಿಯುತ್ತಿದ್ದೇನೆ, ಜೂನ್ ತಿಂಗಳಲ್ಲಿ ಉಣ್ಣೆಯ ಕಾಲುಚೀಲ, ಬೆಳಿಗ್ಗೆ ಮುಖ ಊದಿ ಕನ್ನಡಿಯಲ್ಲಿ ಯಾರೋ ಅತ್ತಿಗೆ ಬಂದ ಹಾಗೆ ಕಾಣುತ್ತದೆ, ಡಾಕ್ಟರಿಗೂ ತಲೆಕೆಟ್ಟಿದೆ, ನುಂಗ್ತಾ ಇದ್ದೀರಾ ತಾನೇ ಅಂತ ಕೇಳಿದರು, ನುಂಗ್ತಾ ಇದ್ದೀನಿ, ದಿನಾ, ಬರಿಹೊಟ್ಟೆಗೆ, ನೀವು ಹೇಳಿದ ಹಾಗೇ, ಅಂದೆ, ನಿಜವನ್ನೇ ಹೇಳಿದೆ.

ಬುಟ್ಟಿ ತುಂಬಿತು. ಕೂದಲಿನವಳು ಮೇಲೆ ಮಲಗಿ ನಗುತ್ತಿದ್ದಾಳೆ, ನಗಮ್ಮಾ, ನಾಳೆಯಿಂದ ನಿನ್ನ ಜೊತೆ ನಾನೂ ನಗುತ್ತೇನೆ — ಎರಡನೆಯ ಮುದುಕಿ ಜಾಗ ಬಿಟ್ಟಳು, ಬಿಟ್ಟರೂ ಹೋಗಲಿಲ್ಲ, ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ಚೀಲ ಸರಿಮಾಡುವ ನೆಪ, ಕಿವಿ ಇತ್ತ, ಇರಲಿ, ಇವತ್ತು ಯಾರ ಹಂಗೂ ಇಲ್ಲ. ಎಲ್ಲವನ್ನೂ ಕೌಂಟರಿನ ಮೇಲೆ ಸುರಿದೆ. ಯಾಸ್ನಾ ನೋಡಿದಳು. ಕೈಯಲ್ಲಿ ಒಂದೊಂದೇ ಎತ್ತಿ ಎಡಕ್ಕೆ ಇಡತೊಡಗಿದಳು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಸಮುದ್ರಪಾಚಿ ಎಡಕ್ಕೆ, ನಿನ್ನ ಗ್ರಂಥಿಗೆ ಮೊದಲೇ ಏಟು ಬೀಳ್ತಿದೆ, ಇಷ್ಟು ಅಯೋಡಿನ್ ಸುರಿದರೆ ಏಟು ಇನ್ನೂ ಜಾಸ್ತಿಯಾಗಬಹುದು, ಮೀನು ತಿಂತೀಯ, ಉಪ್ಪು ತಿಂತೀಯ, ಸಾಕು ಅಂದಳು, ಬಯೋಟಿನ್ ಎಡಕ್ಕೆ, ಇದು ರಕ್ತಪರೀಕ್ಷೆಗೇ ಮೋಸ ಮಾಡುತ್ತಂತೆ, ತಗೊಂಡು ಪರೀಕ್ಷೆಗೆ ಹೋದರೆ ಅಂಕಿ ಸುಳ್ಳು ಹೇಳುತ್ತದಂತೆ, ಕಬ್ಬಿಣ ಎಡಕ್ಕೆ, ನಿನ್ನ ರಕ್ತದಲ್ಲಿ ಕಬ್ಬಿಣ ಸರಿಯಾಗಿಯೇ ಇದೆ, ಯಾರು ಹೇಳಿದ್ರು ನಿಂಗೆ, ಹಗ್ಗ ಕಟ್ಟುವವನಾ. ಕೂದಲಿನವಳನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಇದು ಕೆಲವರಿಗೆ ಒಗ್ಗುತ್ತೆ, ಡಾಕ್ಟರನ್ನ ಕೇಳಿ ತಗೋ, ನೀನಾಗಿ ನೀನೇ ಎರಡು ಮೂರು ನುಂಗಿದ್ಯೋ ಇರೋ ಕೂದಲೂ ಹೋಗುತ್ತೆ, ಅಂದಳು. ಸೆಲೆನಿಯಮ್ ಹೆಚ್ಚಾದರೆ ಕೂದಲು ಉದುರುತ್ತದಂತೆ! ಮಹಾತಾಯಿ, ಡಬ್ಬಿಯ ಮೇಲೆ ನಿಂತುಕೊಂಡು ನಗುವುದು ನೋಡು. ಸತು, ಮೆಗ್ನೀಸಿಯಂ, ಬಿ ಹನ್ನೆರಡು ಎಲ್ಲವೂ ಎಡಕ್ಕೇ ಹೋದವು, ಕೊನೆಗೆ ಹಿಂದಿನ ಕಪಾಟಿನಿಂದ ತೆಗೆದು ಬಲಗಡೆ ಇಟ್ಟದ್ದು ವಿಟಮಿನ್ ಡಿಯ ಒಂದು ಪುಟ್ಟ ಬಾಟಲಿ, ಅದು ನಿನಗೆ ಕಡಿಮೆ ಇದೆ, ಡಾಕ್ಟರೇ ಹೇಳಿದಾರೆ, ಮಧ್ಯಾಹ್ನ ಊಟದ ಜೊತೆ ಹಾಕ್ಕೋ. ನನಗೆ ರೇಗಿಹೋಯಿತು. ಇಡೀ ವಾರ ಆಸೆ ಕಟ್ಟಿಕೊಂಡು ಬಂದವಳ ಕೈಗೆ ಇಷ್ಟು ಪುಟ್ಟ ಬಾಟಲಿ, ಒಂದು ಹನಿ, ಅದೂ ಊಟದ ಜೊತೆ, ಬಿಸಿಲು ಸುಟ್ಟು ಕರಿ ಮಾಡುವ ಈ ದ್ವೀಪದಲ್ಲಿ ಬಿಸಿಲಿನ ವಿಟಮಿನ್, ಇದಕ್ಕಿಂತ ನಗೆಪಾಟಲು ಇನ್ನೇನಿದೆ, ಮತ್ತೆ ನನ್ನ ಗಂಟಲಿಗೆ ಏನು ಯಾಸ್ನಾ, ಗಂಟಲಿಗೆ, ಸಂಜೆ ನೀನು ಇನೆಸ್ ಹೆಸರು ಹೇಳೋಕೆ ಮುಂಚೆ ನಂಗೆ ಏನಾದ್ರೂ ಕೊಡು, ಅಂದುಬಿಟ್ಟೆ, ಕುರ್ಚಿಯ ಮುದುಕಿ ಕೇಳಿಸಿಕೊಳ್ಳಲಿ ಅಂತಲೇ ಅಂದೆ. ಯಾಸ್ನಾ ಕನ್ನಡಕ ತೆಗೆದಳು. ಬೆಳಿಗ್ಗೆ ಏನೇನು ಮಾಡ್ತೀಯ ಹೇಳು, ಎದ್ದಾಗಿಂದ, ಬಾಯಿಗೆ ಹೋಗೋದೆಲ್ಲ ಹೇಳು.

ಏನು ಹೇಳುವುದು, ಎಲ್ಲರೂ ಮಾಡುವುದನ್ನೇ ಮಾಡುತ್ತೇನೆ, ನಮ್ಮ ಮನೆಯಲ್ಲಿ ಅತ್ತೆ ಲುತ್ಸೆಯ ಕಾನೂನು ನಡೆಯುತ್ತದೆ, ಊರೆಲ್ಲ ಅದೇ ಕಾನೂನು, ಅವಳ ಕೈಯಲ್ಲಿ ಸ್ವಲ್ಪ ಬಿಗಿ ಅಷ್ಟೇ — ಒಳ್ಳೆಯದು ಏನಿದ್ದರೂ ಬರಿಹೊಟ್ಟೆಗೆ, ರೊಟ್ಟಿ ಮುಟ್ಟುವ ಮುಂಚೆ, ಗಂಡಸರಿಗೆ ಮೂಲಿಕೆ ಹಾಕಿದ ಬ್ರಾಂದಿ, ಒಂದು ಒಣ ಅಂಜೂರ, ಹೆಂಗಸರಿಗೆ ಆಲಿವ್ ಎಣ್ಣೆ ಒಂದು ಚಮಚ, ಜೇನಿನಲ್ಲಿ ಅದ್ದಿದ ಆಕ್ರೋಟು, ಈಸ್ಟರಿನ ಮುಂಚಿನ ಉಪವಾಸದವರಿಗೂ ಇಷ್ಟು ಶಿಸ್ತು ಇರಲಾರದು, ಹೊಟ್ಟೆ ಖಾಲಿ ಇರುವ ಆ ಗಳಿಗೆಗೆ ದ್ವೀಪದ ಎಲ್ಲ ಔಷಧಿಗಳೂ ಸಾಲು ನಿಲ್ಲುತ್ತವೆ, ಹಂಗೆ ನನ್ನ ಗುಳಿಗೆಯೂ ಸಾಲಿನಲ್ಲಿ ಸೇರಿಕೊಂಡಿತು. ಗುಳಿಗೆ ನುಂಗ್ತೀನಿ ಅಂದೆ, ಆಮೇಲೆ ಅಂದಳು, ಆಮೇಲೆ ಅತ್ತೆ ಲೋಟ ತರ್ತಾರೆ. ಯಾವ ಲೋಟ. ಕ್ಯಾಲ್ಸಿಯಂ ಲೋಟ, ಅವರ ಅಣ್ಣನ ಮಗಳು ಜರ್ಮನಿಯಿಂದ ಕಳಿಸ್ತಾಳಲ್ಲ, ನೀರಿಗೆ ಹಾಕಿದ್ರೆ ನೊರೆ ಬರೋ ಬಿಲ್ಲೆ, ಅದನ್ನ ಕುಡೀತೀನಿ, ಆಮೇಲೆ ಆಕ್ರೋಟು, ಆಮೇಲೆ ಕಾಫಿ. ಯಾಸ್ನಾ ಕೇಳಿದಳು, ಗುಳಿಗೆಗೂ ಲೋಟಕ್ಕೂ ಮಧ್ಯೆ ಎಷ್ಟು ಹೊತ್ತು. ಹೊತ್ತು ಯಾತಕ್ಕೆ, ಅಂದೆ ನಾನು, ಆ ಲೋಟದಲ್ಲೇ ಗುಳಿಗೆ ನುಂಗೋದು. ಅವಳು ನನ್ನನ್ನು ನೋಡಿದ ರೀತಿ! ಮಗು ಬಾವಿಯ ಕಟ್ಟೆ ಹತ್ತಿದ್ದನ್ನು ನೋಡಿದ ಹಾಗೆ ನೋಡಿದಳು. ಬರಿಹೊಟ್ಟೆಗೆ ಅಂತ ಹೇಳಿದ್ದೆನಲ್ಲೇ ದಿಂಕಾ. ಹೌದು, ಬರಿಹೊಟ್ಟೆಗೇ, ರೊಟ್ಟಿ ಮುಟ್ಟೇ ಇಲ್ಲ, ಬೇಕಾದ್ರೆ ಅತ್ತೇನ ಕೇಳು. ಬಿಳಿ ಕೋಟಿನ ಒಳಗೆ ಅವಳ ಭುಜ ಅಲುಗತೊಡಗಿತು, ಮೊದಲು ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು, ನಗದ ಯಾಸ್ನಾ ಕೌಂಟರ್ ಹಿಡಿದುಕೊಂಡು ನಗುತ್ತಿದ್ದಳು, ಕುರ್ಚಿಯ ಮುದುಕಿಗೆ ಏನು ಗೊತ್ತಾಯಿತೋ ಅವಳೂ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು, ಮೆಲ್ಲಗೆ, ಶ್ರುತಿ ಕೊಡುವ ದನಿಯಲ್ಲಿ — ಕ್ಯಾಲ್ಸಿಯಂ ನಿನ್ನ ಗುಳಿಗೇನ ಹೊಟ್ಟೆಯಲ್ಲೇ ಹಿಡಿದು ಕೂರಿಸುತ್ತೆ, ರಕ್ತಕ್ಕೆ ಇಳಿಯೋಕೇ ಬಿಡಲ್ಲ, ಕಬ್ಬಿಣವೂ ಹಂಗೇ, ಮೆಗ್ನೀಸಿಯಮ್ಮೂ ಹಂಗೇ, ಗುಳಿಗೆ ನೀರಲ್ಲಿ ನುಂಗು, ಬರೀ ನೀರು, ಕಾಫಿಗೆ ಒಂದು ಗಂಟೆ ಬಿಡು, ಕ್ಯಾಲ್ಸಿಯಂಗೆ ನಾಲ್ಕು ಗಂಟೆ. ನಿನ್ನ ಗಂಟಲು ಹೋಗಿಲ್ಲ ಕಣೇ. ನಿನಗೆ ಔಷಧಿ ಸಿಕ್ಕೇ ಇಲ್ಲ.

ಸಿಕ್ಕೇ ಇಲ್ಲ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ, ಇಷ್ಟು ತಿಂಗಳು ನನ್ನ ಹೊಟ್ಟೆಯೊಳಗೆ ಎತ್ತು ಕೋಣ ಎರಡನ್ನೂ ಕಟ್ಟಿಕೊಂಡು ಹೊಲ ಯಾಕೆ ಉಳಲಿಲ್ಲ ಅಂತ ಸ್ಪ್ಲಿಟ್‌ಗೆ ಹೋಗಿ ಬರುತ್ತಿದ್ದೆ, ಡಾಕ್ಟರು ಎತ್ತಿನ ಮೇಲೆ ಎತ್ತು ಕೊಟ್ಟರು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು — ಆದರೆ ದನಿ ಸತ್ತಿಲ್ಲ, ದನಿ ಸತ್ತಿಲ್ಲ, ಎಲ್ಲೋ ಕೂತಿದೆ, ಬಾಗಿಲು ಹಾಕಿಕೊಂಡಿದೆ, ಕದ ತಟ್ಟುವವನು ಬರಬೇಕು ಅಷ್ಟೇ. ಮತ್ತೆ ಸಂಜೆ, ಅಂತ ಕೇಳಿದಾಗ ಯಾಸ್ನಾ ಕನ್ನಡಕ ಹಾಕಿಕೊಂಡಳು, ಸಂಜೆ ನಾನು ಯಾರ ಹೆಸರೂ ಹೇಳಲ್ಲ, ಆರೆಂಟು ವಾರ ಸರಿಯಾಗಿ ನುಂಗು, ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಹೇಳು, ಅವರು ಏರಿಸಿರೋ ಶಕ್ತಿಯೆಲ್ಲ ಒಟ್ಟಿಗೆ ಇಳಿದ್ರೆ ಎದೆ ಬಡಕೊಳ್ಳುತ್ತೆ, ಅವರು ಕಡಿಮೆ ಮಾಡಬೇಕಾಗಬಹುದು, ಆಗಸ್ಟ್ ಮೊದಲ ವಾರ ನಿನ್ನ ದನಿ ಕೇಳ್ತೀನಿ, ಬಂತೋ ನಿಂದು, ಬರಲಿಲ್ಲವೋ ಇನೆಸ್‌ದು, ಅಳಬಾರದು, ಅಂದಳು. ಅಳುವುದೇ, ನಾನೇ, ಆ ಕ್ಷಣಕ್ಕೆ ಅವಳನ್ನು ಕೌಂಟರ್ ದಾಟಿ ಅಪ್ಪಿಕೊಳ್ಳುವವಳಿದ್ದೆ, ಮಧ್ಯೆ ಕೂದಲಿನವಳು ಅಡ್ಡ ಬಂದಳು. ಪುಟ್ಟ ಬಾಟಲಿ ಜೇಬಿಗೆ ಹಾಕಿಕೊಂಡು ಹೊರಗೆ ಬಂದರೆ ಬಿಸಿಲು, ಬಿಸಿಲಾ ಇದು, ಬಂಗಾರ, ದೋಣಿಗಳು, ಬಲೆ ಒಣಹಾಕಿದ್ದಾರೆ, ಮೀನಿನವನು ಕೂಗಿ ಕೇಳಿದ, ಪಾಚಿ ತಗೊಂಡ್ಯಾ, ನಿನ್ನ ಪಾಚಿ ನೀನೇ ತಿನ್ನು ಮಾರಾಯ, ಗಡ್ಡ ಉದ್ದ ಬರುತ್ತೆ ಅಂದೆ, ಅವನು ಬಾಯಿ ಬಿಟ್ಟುಕೊಂಡು ನಿಂತ, ನನಗೆ ಕಾಲು ನೆಲಕ್ಕೆ ತಾಗುತ್ತಿಲ್ಲ, ಮನೆಯ ಮೆಟ್ಟಿಲು ಹತ್ತುವಾಗ ದಿನವೂ ಮೂರು ಕಡೆ ನಿಂತು ಏದುಸಿರು ಬಿಡುವವಳು ಇವತ್ತು ಒಂದೇ ಕಡೆ ನಿಂತೆ, ಅದೂ ನಗು ತಡೆಯಲಾರದೆ.

ನಿಂತವಳಿಗೆ ಲೋಟ ನೆನಪಾಯಿತು. ಲುತ್ಸೆ. ಅವಳಿಗೆ ಹೇಗೆ ಹೇಳುವುದು, ಅಯ್ಯೋ ದೇವರೇ, ಅದನ್ನು ಯೋಚಿಸಲೇ ಇಲ್ಲವಲ್ಲ. ಈ ಮನೆಗೆ ನಾನು ಬಂದಾಗ ಅವಳು ನನ್ನ ಹೆಸರು ಹಿಡಿದು ಕರೆಯಲಿಲ್ಲ, ಬಂದ ವರ್ಷ ಕರೆಯಲಿಲ್ಲ, ಆಮೇಲೂ ಕರೆಯಲಿಲ್ಲ, ನಾನು ಒಳನಾಡಿನವಳು, ಕಲ್ಲುಗುಡ್ಡದ ಆಚೆಯವಳು, ದ್ವೀಪದವರಿಗೆ ಗುಡ್ಡದವರು ಅಂದರೆ ಮೇಕೆಯ ಜೊತೆ ಮಲಗುವವರು ಅಂತ ಲೆಕ್ಕ, ಮಗನಿಗೆ ಕಡಲ ಹೆಣ್ಣು ಸಿಗಲಿಲ್ಲವೇ ಅಂತ ನನ್ನ ಮುಂದೆಯೇ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು, ಅವಳು ಅಂದರೆ ನಾನು, ಅವಳನ್ನ ಕೇಳು, ಅವಳಿಗೆ ಹೇಳು, ಅವಳು ಉಪ್ಪು ಜಾಸ್ತಿ ಹಾಕಿದಾಳೆ. ನನ್ನ ಹಾಡಿನ ಬಗ್ಗೆ ಒಂದೇ ಮಾತು ಆಡಿದ್ದಳು, ಮೇಕೆ ಕರೆಯೋ ಗಂಟಲು, ಗುಡ್ಡದಿಂದ ಗುಡ್ಡಕ್ಕೆ ಕೇಳುತ್ತೆ, ಅಂತ, ಅದಾದ ಮೇಲೆ ಒಂದು ಹಬ್ಬಕ್ಕೂ ಕೆಳಗೆ ಬರಲಿಲ್ಲ, ಊರೆಲ್ಲ ದೋಣಿಕಟ್ಟೆಯಲ್ಲಿ ನೆರೆದಿರುವಾಗ ಇವಳು ಮೇಲೆ, ಕಿಟಕಿಯ ಮರದ ಪಟ್ಟಿ ಮುಚ್ಚಿಕೊಂಡು, ನಾನೂ ಕೇಳಲಿಲ್ಲ, ಬಂದರೆ ಎಷ್ಟು ಬಿಟ್ಟರೆ ಎಷ್ಟು, ನನಗೂ ಜಂಬ ಇತ್ತು. ಆಮೇಲೆ ಜಪಾನಿನವನ ಕಾಯಿಲೆ ಬಂತು. ಬಂದ ವಾರ, ಒಂದು ಬೆಳಿಗ್ಗೆ, ನನ್ನ ಕೋಣೆಯ ಬಾಗಿಲಲ್ಲಿ ಲುತ್ಸೆ, ಕೈಯಲ್ಲಿ ಲೋಟ, ಬಿಲ್ಲೆ ನೀರಲ್ಲಿ ಗಿರಗಿರ ತಿರುಗುತ್ತಾ ಬುಸುಗುಡುತ್ತಿದೆ, ಅಂಚಿನವರೆಗೆ ಬಿಳಿ ನೊರೆ, ಕುಡಿ ಅಂದಳು, ಬರಿಹೊಟ್ಟೆಗೆ. ಅದು ಅವಳ ಬಿಲ್ಲೆ, ಮಣಿಕಟ್ಟು ಮುರಿದುಕೊಂಡಾಗ ಮೂಳೆಗೆ ಅಂತ ಜರ್ಮನಿಯಿಂದ ಬಂದದ್ದು, ತನ್ನದನ್ನು ನನಗೆ ಕೊಟ್ಟಳು. ರುಚಿಯೋ, ಸುಣ್ಣದ ಗೋಡೆ ನೆಕ್ಕಿದ ಹಾಗೆ, ಅದರ ಮೇಲೆ ಯಾರೋ ನಿಂಬೆಹಣ್ಣಿನ ಹೆಸರು ಹೇಳಿದ ಹಾಗೆ, ಕಣ್ಣಲ್ಲಿ ನೀರು ಬಂತು, ಗಟಗಟ ಕುಡಿದೆ, ಚೆನ್ನಾಗಿದೆ ಅಂದೆ. ಮಾರನೆಯ ದಿನವೂ ಲೋಟ, ಬಿಳಿ ನೊರೆ. ಅದರ ಮಾರನೆಯ ದಿನವೂ. ಜಗಳವಾಡಿದ ದಿನವೂ, ಮಾತಿಲ್ಲ, ಲೋಟ ಮಾತ್ರ ಬಾಗಿಲಿಗೆ ಬರುತ್ತಿತ್ತು, ನೊರೆ ಅಂಚು ದಾಟಿ ಅವಳ ಬೆರಳ ಮೇಲೆ ಇಳಿಯುತ್ತಿತ್ತು. ಈ ಮನೆಯಲ್ಲಿ ಅವಳು ನನ್ನ ಕೈಗೆ ಎತ್ತಿ ಕೊಟ್ಟದ್ದು ಅದೊಂದೇ, ಅದೇ ನನ್ನ ಗಂಟಲು ಕಟ್ಟಿಹಾಕಿತು ಅಂತ ಹೋಗಿ ಹೇಳಬೇಕು, ಹೇಳಲೇಬೇಕು, ಸುಮ್ಮನೆ ಕೈತೋಟಕ್ಕೆ ಚೆಲ್ಲಿದರಾಯಿತು ಅಂತ ಒಂದು ಕ್ಷಣ ಅನಿಸಿತು, ಛೆ, ಅವಳ ಕಣ್ಣು ತಪ್ಪಿಸಿ ಎಷ್ಟು ದಿನ, ಮತ್ತೆ ಒಂದೇ ಒಂದು ದಿನ ಮನಸ್ಸು ಕರಗಿ ಕುಡಿದುಬಿಟ್ಟರೆ, ಎರಡು ದಿನ, ವಾರ, ಆಗಸ್ಟು ಬಂದೇಬಿಡುತ್ತದೆ, ಬಾಯಿ ತೆರೆದು ನಿಂತಿರುತ್ತೇನೆ, ಬರೀ ಗಾಳಿ, ಇನೆಸ್ ಮೆಲ್ಲಗೆ ಹಿಡಿದುಕೊಳ್ಳುತ್ತಾಳೆ. ಇಲ್ಲ. ಹೇಳುತ್ತೇನೆ. ಉಳಿದ ಮೆಟ್ಟಿಲನ್ನು ಹತ್ತಿದೆ.

ಅಡುಗೆಮನೆಯಲ್ಲಿದ್ದಾಳೆ, ನಾನು ಬಂದ ಸದ್ದಿಗೆ ತಿರುಗಲಿಲ್ಲ, ಕಳ್ಳಿ ಹಾಗೆ ಎದ್ದು ಹೋಗಿದ್ದಾಳೆ, ಲೋಟ ಕುಡಿಯದೆ, ಅಂತ ಒಲೆಗೆ ಹೇಳುತ್ತಿದ್ದಾಳೆ, ಕಾಯಿಲೆಯವಳು, ಬೆಳಗಿನ ಚಳಿಯಲ್ಲಿ, ಅಂತ ಹೇಳುತ್ತಾ ಕೊಳವೆಯಿಂದ ಬಿಲ್ಲೆ ತಟ್ಟಿ ತೆಗೆದು ನೀರಿಗೆ ಹಾಕಿಯೇಬಿಟ್ಟಳು, ಟಪ್, ತಿರುಗತೊಡಗಿತು, ಬುಸ್, ಅತ್ತೆ ಹಾಕಬೇಡಿ ಅನ್ನುವಷ್ಟರಲ್ಲಿ ಹಾಕಿ ಆಗಿದೆ, ಲೋಟ ನನ್ನ ಮುಂದೆ ಹಿಡಿದಿದ್ದಾಳೆ, ಮುರಿದು ಸೊಟ್ಟಗೆ ಕೂಡಿಕೊಂಡ ಆ ಮಣಿಕಟ್ಟು, ನೊರೆ ಏರುತ್ತಿದೆ, ರೊಟ್ಟಿ ಮುಟ್ಟಿಲ್ಲ ತಾನೇ ಅಂತ ಕೇಳುತ್ತಿದ್ದಾಳೆ, ಮುಟ್ಟಿಲ್ಲ ಅತ್ತೆ, ಆದರೆ ಇದನ್ನ ನಾನು ಕುಡಿಯೋ ಹಾಗಿಲ್ಲ, ಅಂದೆ, ಹೇಳಿದೆ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟೆ, ಯಾಸ್ನಾ ಹೇಳಿದ್ದು, ಗುಳಿಗೆ ರಕ್ತಕ್ಕೆ ಇಳಿಯದಿದ್ದದ್ದು, ನೀರಲ್ಲಿ ಮಾತ್ರ ನುಂಗಬೇಕಾದದ್ದು, ಈ ಲೋಟ ಮಧ್ಯಾಹ್ನ ಕುಡೀತೀನಿ ಬೇಕಾದ್ರೆ, ಊಟ ಆದ್ಮೇಲೆ, ನಿಮ್ಮ ತಪ್ಪಲ್ಲ, ನಂಗೂ ಗೊತ್ತಿರಲಿಲ್ಲ, ಅಂತೆಲ್ಲ, ನನ್ನ ದನಿ ಮೇಲೆ ಹೋಗುತ್ತಿದೆ, ಒಡೆಯುತ್ತಿದೆ, ಖುಷಿಯೋ ಭಯವೋ, ಲುತ್ಸೆ ನಿಂತೇ ಇದ್ದಾಳೆ, ಲೋಟ ಇಳಿಸಿಲ್ಲ. ಕೊನೆಗೆ ಕೇಳಿದಳು, ಹಂಗಾದ್ರೆ ನಿನ್ನ ಗಂಟಲು ಹಿಡಿದದ್ದು ನಾನು. ಅಲ್ಲ ಅತ್ತೆ, ಅಂದೆ. ನಾನೇ. ಗಂಟಲು ಬರಲಿ ಅಂತಲೇ ಕೊಟ್ಟೆ ಕಣೇ, ಅಂದಳು, ಮೂಳೆಗೆ ಅಷ್ಟು ಗಟ್ಟಿ ಅಂದ್ರೆ ಗಂಟಲಿಗೂ ಆಗುತ್ತೆ ಅಂತ, ಹಬ್ಬದ ದಿನ ಕಿಟಕಿ ಮುಚ್ಚಿ ಕೂರ್ತೀನಲ್ಲ, ಪಟ್ಟಿ ಸಂದಿಯಲ್ಲಿ ಕೇಳ್ತೀನಿ, ಎಂಟು ಜನದಲ್ಲಿ ನಿಂದು ಬೇರೆ ಗೊತ್ತಾಗುತ್ತೆ, ಹೋದ ಭಾನುವಾರ ಅರ್ಧಕ್ಕೆ ನಿಂತುಹೋಯ್ತು, ನಾನು ಇಲ್ಲಿ ಕುರ್ಚಿ ಬಿಟ್ಟು ಎದ್ದುನಿಂತೆ.

ಎದ್ದುನಿಂತಳಂತೆ. ಇಲ್ಲಿ, ಈ ಕುರ್ಚಿಯಿಂದ, ನಾನು ಅಲ್ಲಿ ಕೆಳಗೆ ಬಾಯಿ ತೆರೆದು ನಿಂತಿದ್ದಾಗ — ಅತ್ತೆ, ಅಂದೆ, ಅವಳು ಲೋಟವನ್ನೇ ನೋಡುತ್ತಿದ್ದಾಳೆ, ಬಿಲ್ಲೆ ಕರಗಿ ಚೂರಾಗಿದೆ, ಚೂರು ಇನ್ನೂ ತಿರುಗುತ್ತಿದೆ, ಆಗಸ್ಟಿಗೆ ಬರುತ್ತಾ ಅಂತ ಕೇಳಿದಳು, ಬರಬಹುದು ಅಂತಾಳೆ ಯಾಸ್ನಾ, ಬರದೇ ಇರಬಹುದು, ಅಂದೆ, ಬಂದರೂ ಬರದಿದ್ದರೂ ಈ ಸಲ ಕೆಳಗೆ ಬರ್ತೀನಿ, ಸಂದಿಯಲ್ಲಿ ಎಷ್ಟಂತ ಕೇಳೋದು, ಅಂದಳು, ಹಾಕಿದ ಬಿಲ್ಲೆ ಚೆಲ್ಲೋದಕ್ಕಾಗುತ್ತಾ ಅಂತ ತನಗೆ ತಾನೇ ಹೇಳಿಕೊಂಡು ಲೋಟವನ್ನು ಎತ್ತಿ, ನಾನು ನೋಡುತ್ತಿರುವ ಹಾಗೇ, ಗಟಗಟ, ಒಂದೇ ಸಲಕ್ಕೆ, ತಳ ಕಾಣುವವರೆಗೆ, ಆಮೇಲೆ ಮುಖ, ಆ ಮುಖ, ಇಡೀ ಮುಖ ಮೂಗಿನ ಹತ್ತಿರ ಬಂದು ಸೇರಿತು, ಕಣ್ಣಲ್ಲಿ ನೀರು, ಮೇಜು ಹಿಡಿದುಕೊಂಡಳು, ಮೂಳೆಗೆ ಅಂತ ಬಂದದ್ದನ್ನು ಒಂದು ದಿನವೂ ತಾನು ಬಾಯಿಗಿಟ್ಟಿರಲಿಲ್ಲ, ನನಗೆ ಈಗ ಗೊತ್ತಾಗುತ್ತಿದೆ, ಒಂದು ದಿನವೂ, ಎಲ್ಲವನ್ನೂ ನನಗೇ ಎತ್ತಿಟ್ಟಿದ್ದಳು. ಇದನ್ನ ದಿನಾ ಕುಡಿದ್ಯಾ, ಅಂತ ಕೇಳಿದಳು. ಹೂಂ. ಚೆನ್ನಾಗಿದೆ ಅಂತಿದ್ಯಲ್ಲೇ. ಹೂಂ. ಯಾಕೆ ಕುಡಿದ್ಯೇ ದಿಂಕಾ. ದಿಂಕಾ ಅಂದಳು. ನೀವು ಕೊಟ್ರಿ ಅಂತ, ಅಂದೆ, ಅವಳು ನಿಂತಿದ್ದಾಳೆ, ಖಾಲಿ ಲೋಟ ಕೈಯಲ್ಲಿದೆ, ಮೇಲ್ದುಟಿಯ ಸಣ್ಣ ನರೆಗೂದಲ ಮೇಲೆ ನೊರೆ, ಒರೆಸಿಕೊಂಡಿಲ್ಲ, ಒಂದೊಂದೇ ಗುಳ್ಳೆ ಒಡೆಯುತ್ತಿದೆ, ನೊರೆ, ಬಿಳಿ ನೊರೆ